ಮೀಟರು ನಿಂತ ಮೇಲೆ

ಮಾರ್ಚ್ ೪, ಸೋಮವಾರ

ಪೈಪಿನ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ಅದಕ್ಕೊಂದು ಗತಿ ಕಾಣಿಸುತ್ತಿದ್ದೇನೆ. ಆಫೀಸಿಗೆ ಸುತ್ತೋಲೆ ಬಂದಿದೆ. ಈ ಬೇಸಿಗೆ ಬಿಗಿಯಾಗಿದೆಯಂತೆ. ನೀರು ಸರಬರಾಜಿನ ನೌಕರರು ಮೊದಲು ತಮ್ಮ ಮನೆಯಲ್ಲಿ ನೀರು, ಕರೆಂಟು ಪೋಲಾಗುವುದನ್ನು ನಿಲ್ಲಿಸಿ ಊರಿಗೆ ಮಾದರಿಯಾಗಬೇಕಂತೆ. ಸುತ್ತೋಲೆಗೆ ಸಹಿ ಹಾಕಿದವರ ಕೋಣೆಯಲ್ಲಿ ಎರಡು ಏಸಿ ಓಡುತ್ತಿರುತ್ತವೆ, ಆ ಮಾತು ಬೇರೆ. ಆದರೂ ನನಗೆ ಇದು ಹಿಡಿಸಿತು. ಊರಿನ ನೆಲದೊಳಗಿನ ಸೋರಿಕೆಯನ್ನೆಲ್ಲ ಹುಡುಕಿಕೊಡುವವನ ಮನೆಯಲ್ಲೇ ನಲ್ಲಿ ತೊಟ್ಟಿಕ್ಕಿದರೆ ಜನ ನಗದೆ ಬಿಡುತ್ತಾರೆಯೇ?

ಹೊಸ ಡೈರಿಗೆ ನನ್ನ ಪರಿಚಯವಾಗಲಿ. ನನ್ನ ಕೆಲಸ ಕೇಳಿಸಿಕೊಳ್ಳುವುದು. ಅದಕ್ಕೊಂದು ಉದ್ದನೆಯ ಕೋಲಿದೆ. ಅದರ ಉಕ್ಕಿನ ತುದಿಯನ್ನು ರಸ್ತೆಗೋ ವಾಲ್ವಿಗೋ ಊರಿ, ಇನ್ನೊಂದು ತುದಿಯ ಮರದ ಬಿಲ್ಲೆಯನ್ನು ಕಿವಿಗೆ ಒತ್ತಿಕೊಂಡು ನಿಲ್ಲುತ್ತೇನೆ. ಪೈಪು ಒಡೆದ ಕಡೆ ನೀರು ಸಣ್ಣಗೆ ಸ್‌ಸ್ ಎನ್ನುತ್ತದೆ. ಅಲ್ಲಿ ಸುಣ್ಣದ ಗುರುತು ಹಾಕುತ್ತೇನೆ, ಮೇಸ್ತ್ರಿಯ ಗುಂಪು ಅಗೆಯುತ್ತದೆ. ಗುರುತು ತಪ್ಪಿದ್ದು ತೀರಾ ಅಪರೂಪ. ಡಿಪೋದಲ್ಲಿ ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ, ಬಾಯಿಮಾತಿನಲ್ಲಿ ಎಲ್ಲರಿಗೂ ನಾನು ‘ಕಿವಿ’. ಕಿವಿ ಬಂತಾ, ಕಿವಿ ಟೀ ಕುಡೀತಾ ಎಂದೇ ಕೇಳುತ್ತಾರೆ. ನನಗೆ ಬೇಸರವೇನಿಲ್ಲ. ಮೂರು ಹೊಟ್ಟೆ ತುಂಬಿಸುತ್ತಿರುವುದು ಅದೇ.

ಸಂಜೆ ಮನೆಗೆ ಬಂದಾಗ ಹೆಂಡತಿ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದಳು, ಮಗಳು ಬಂದಿರಲಿಲ್ಲ. ಮನೆ ತಣ್ಣಗಿತ್ತು. ಶೂ ಬಿಚ್ಚಲು ಬಗ್ಗಿದವನು ಹಾಗೇ ನಿಂತೆ. ಸ್‌ಸ್ ಎಂಬ ಸದ್ದು ಎಲ್ಲೋ ಗೋಡೆಯೊಳಗೆ ಸಣ್ಣಗೆ, ಎಡೆಬಿಡದೆ ಕೇಳುತ್ತಿತ್ತು. ಕಳ್ಳ ಬೇರೆ ಯಾವ ಮನೆಗೂ ನುಗ್ಗದೆ ಪೊಲೀಸಿನವನ ಮನೆಗೇ ನುಗ್ಗಿದ್ದಾನೆ. ನಿಜ ಹೇಳಬೇಕೆಂದರೆ ಖುಷಿಯಾಯಿತು.

ಮಾರ್ಚ್ ೬, ಬುಧವಾರ

ಎಲ್ಲ ನಲ್ಲಿಗಳ ವಾಷರ್ ಬದಲಾಯಿಸಿದೆ. ಅಡುಗೆಮನೆಯ ನಲ್ಲಿ, ಬಚ್ಚಲಿನದು, ಹಿತ್ತಲಿನದು, ಕೈ ತೊಳೆಯುವ ತೊಟ್ಟಿಯದು. ಸದ್ದು ಹಾಗೇ ಇದೆ. ಮನೆಯಲ್ಲಿ ಒಂದಲ್ಲ ಒಂದು ಗುಂಯ್‌ಗುಡುತ್ತಿದ್ದರೆ ಯಾವನಿಗೆ ತಾನೇ ನೆಟ್ಟಗೆ ಕೇಳಿಸೀತು? ಹಾಗಾಗಿ ಒಂದೊಂದೇ ಪ್ಲಗ್ ಕಿತ್ತೆ. ಟೀವಿಯ ಕೆಂಪು ದೀಪ, ಯಾರೂ ಇಲ್ಲದ ಕೋಣೆಯ ಫ್ಯಾನು, ಫೋನೇ ಇಲ್ಲದೆ ಗೋಡೆಗೆ ನೇತಾಡುವ ಚಾರ್ಜರು. ಸುತ್ತೋಲೆಯೂ ಪಾಲಿಸಿದಂತಾಯಿತು, ಸೋರಿಕೆ ಹುಡುಕುವುದಕ್ಕೂ ಅನುಕೂಲ. ಫ್ರಿಜ್ಜನ್ನೂ ಸ್ವಲ್ಪ ಹೊತ್ತು ಆರಿಸಿದ್ದೆ. ಮತ್ತೆ ಹಾಕಲು ಮರೆತು ಹಾಲು ಒಡೆಯಿತು.

“ರೀ, ಈ ಮನೇಲಿ ಮನುಷ್ಯರೂ ಇದ್ದಾರೆ ಅನ್ನೋದು ನೆನಪಿರಲಿ. ಉಳಿಸೋ ಭರದಲ್ಲಿ ನಮ್ಮ ಸ್ವಿಚ್ಚನ್ನೂ ತೆಗೆದುಬಿಟ್ಟೀರಿ” ಎಂದಳು ಹೆಂಡತಿ.

ಕರೆಗಂಟೆಯೂ ಕೆಟ್ಟಿದೆ. ಮಗಳು ಎಷ್ಟೋ ಹೊತ್ತು ಒತ್ತಿ, ಕೊನೆಗೆ ಬಾಗಿಲು ಬಡಿದಳು. ಅದರ ವೈರನ್ನೇ ಕಿತ್ತುಹಾಕಿದೆ. ಕೈ ಇರುವವರು ಬಾಗಿಲು ಬಡಿಯಲಿ.

ಮಾರ್ಚ್ ೯, ಶನಿವಾರ

ಮನೆಯಲ್ಲಿ ಉಳಿದಿರುವ ದೊಡ್ಡ ಗದ್ದಲವೆಂದರೆ ಹೆಂಡತಿಯ ಹೊಲಿಗೆ ಮಷೀನಿನ ಮೋಟರು. ಶಾಲೆಗಳ ಯೂನಿಫಾರಂ ಹೊಲಿಯುವ ಕಾಲ, ದಿನವಿಡೀ ಓಡುತ್ತದೆ. ಬೆಲ್ಟು ಬಿಚ್ಚಿ ಹಳೇ ತುಳಿಯುವ ಚಕ್ರಕ್ಕೆ ಹಾಕಿಕೊಟ್ಟೆ.

“ಇಷ್ಟು ರಾಶಿ ಬಿದ್ದಿದೆ, ಇದನ್ನೆಲ್ಲ ತುಳಿದು ಹೊಲೀಬೇಕಾ?”

“ಮೊದಲೆಲ್ಲ ತುಳಿದೇ ಹೊಲೀತಿರಲಿಲ್ವಾ ನೀನು?”

“ಆಗ ನನ್ನ ಮಂಡಿಗೂ ಇಪ್ಪತ್ತೈದು ವರ್ಷ.”

ಗೊಣಗುತ್ತ ಕೂತಳು. ಸ್ವಲ್ಪ ಹೊತ್ತಿಗೆ ಗೊಣಗುವುದೂ ನಿಂತಿತು. ನನ್ನ ಹೆಂಡತಿಯದು ಆ ಜಾಯಮಾನ, ಒಂದು ಮಾತು ಆಡಿ ಮುಗಿಸಿದರೆ ಮುಗಿಯಿತು.

ಮಗಳದು ಇನ್ನೊಂದು ಕಥೆ. ಶಿಶುವಿಹಾರದಲ್ಲಿ ಟೀಚರು. ಬೆಳಗಿನಿಂದ ಮಕ್ಕಳ ಮೇಲೆ ಗಂಟಲು ಹರಿದುಕೊಂಡು, ಮನೆಗೆ ಬಂದ ಮೇಲೆ ಬಾಯೊಳಗೇ ಮಾತಾಡುತ್ತಾಳೆ. ಗಂಟಲು ಉಳಿಸಬೇಕೆಂಬ ಸುತ್ತೋಲೆಯನ್ನು ಅವಳಿಗೆ ಯಾರು ಕಳಿಸಿದರೋ. ಊಟಕ್ಕೆ ಕೂತಾಗ ಏನೋ ಹೇಳಿದಳು, ನಾನು ಹೂಂ ಎಂದೆ. ಹೂಂ ಎನ್ನುವ ಮಾತಲ್ಲವಂತೆ ಅದು, ಅಮ್ಮನೂ ಮಗಳೂ ಮುಖ ಮುಖ ನೋಡಿಕೊಂಡರು.

ಮಧ್ಯಾಹ್ನ ಕುಕ್ಕರ್ ನೋಡಿಕೊಳ್ಳಿ ಎಂದು ಹೇಳಿ ಹೆಂಡತಿ ದಾರ ತರಲು ಹೋಗಿದ್ದಳು. ಬರುವಷ್ಟರಲ್ಲಿ ಆಲೂಗಡ್ಡೆ ಸೀದು ತಳಕ್ಕೆ ಅಂಟಿತ್ತು. ಸೀಟಿಯೇ ಬಂದಿರಲಿಲ್ಲ. ಕುಕ್ಕರಿನ ರಬ್ಬರು ಹೋಗಿದೆ ಎಂದೆ. ಗ್ಯಾಸು ಹೀಗೆ ಪೋಲಾದರೆ ಹೇಗೆ? ಸಂಜೆ ಹೊಸ ರಬ್ಬರು ತಂದು ಹಾಕಿದೆ.

ಮಾರ್ಚ್ ೧೦, ಭಾನುವಾರ

ಹಿತ್ತಲಿನ ಮರದಲ್ಲಿ ಹಕ್ಕಿಗಳಿಲ್ಲ. ಎಷ್ಟು ದಿನವಾಯಿತೋ ಅವುಗಳ ದನಿ ಕೇಳಿ. ನೀರಿಲ್ಲದೆ ಅವೂ ಊರು ಬಿಟ್ಟಿರಬೇಕು, ಪಾಪ. ತರಕಾರಿ ತೊಳೆದ ನೀರನ್ನು ಒಂದು ಬಟ್ಟಲಿಗೆ ಹಾಕಿ ಗೋಡೆಯ ಮೇಲಿಟ್ಟೆ.

ಮಾರ್ಚ್ ೧೩, ಬುಧವಾರ

ಬೇಕರಿ ಬೀದಿಯಲ್ಲಿ ಗುಂಡಿ ಒಣಗಿತ್ತು.

ಬೆಳಗಿನ ಜಾವ ರಸ್ತೆಯಲ್ಲಿ ಓಡಾಟ ಶುರುವಾಗುವ ಮೊದಲೇ ಹೋಗಿದ್ದೆವು. ಕೋಲು ಊರಿದೆ, ಸ್‌ಸ್ ಎಂದು ಸ್ಪಷ್ಟವಾಗಿ ಕೇಳಿತು, ಗುರುತು ಹಾಕಿದೆ. ಎದೆಮಟ್ಟ ಅಗೆದರೂ ಮಣ್ಣು ಪುಡಿಪುಡಿ. ಪೈಪು ಹೊಸ ಮದುಮಗನ ಹಾಗೆ ಥಳಥಳ ಎನ್ನುತ್ತಿತ್ತು. ಮೇಸ್ತ್ರಿ ಗುಂಡಿಯಿಂದ ಮೇಲಕ್ಕೆ ಬಂದು ಕೈ ಒರೆಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು. ಬೇಕರಿಯವರು ಹೊತ್ತಿಗೆ ಮುಂಚೆ ಹಿಟ್ಟು ಕಲೆಸುವ ಯಂತ್ರ ಹಾಕಿದ್ದರು, ಅದರ ಸದ್ದು ನನ್ನನ್ನು ಯಾಮಾರಿಸಿತು ಎಂದೆ. ಹಿಟ್ಟಿನ ಯಂತ್ರ ಹಾಗೆ ಸದ್ದು ಮಾಡುವುದಿಲ್ಲ ಎಂದು ಇಬ್ಬರಿಗೂ ಗೊತ್ತು.

ಮನೆಗೆ ಬಂದು ಎಲ್ಲರ ಮೇಲೂ ಹರಿಹಾಯ್ದೆ. ಬಚ್ಚಲಲ್ಲಿ ಒಂದು ಬಕೆಟ್‌ಗಿಂತ ಹೆಚ್ಚು ನೀರು ಯಾರೂ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಪಾತ್ರೆ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಶೌಚಕ್ಕೆ. ಮಗಳು “ಉಸಿರಾಡೋದಕ್ಕೂ ಲೆಕ್ಕ ಇಡ್ತೀಯಾಪ್ಪ?” ಎಂದು ಕೇಳಿದಳು. ಇದನ್ನು ಮಾತ್ರ ಚೆನ್ನಾಗಿ ಗಂಟಲೆತ್ತಿಯೇ ಕೇಳಿದಳು.

ಮಾರ್ಚ್ ೧೭, ಭಾನುವಾರ

ಇವತ್ತು ಕಳ್ಳನ ಜುಟ್ಟು ಸಿಕ್ಕಿತು ಎಂದುಕೊಂಡೆ.

ನಮ್ಮದು ಬೀದಿಯ ಪೈಪಿನಿಂದ ನೇರ ಸಂಪರ್ಕ. ಬಾಗಿಲ ಪಕ್ಕದ ಮೀಟರಿನ ಗಾಜಿನೊಳಗೆ ಒಂದು ಪುಟ್ಟ ಕೆಂಪು ಚಕ್ರವಿದೆ, ಹನಿ ನೀರು ಹರಿದರೂ ತಿರುಗುತ್ತದೆ. ಮನೆಯ ಎಲ್ಲ ನಲ್ಲಿ ಮುಚ್ಚಿ, ಮೊಣಕಾಲೂರಿ ಕೂತು ನೋಡಿದೆ. ಚಕ್ರ ಮೆಲ್ಲಗೆ, ಸೋಮಾರಿಯ ಹಾಗೆ ತಿರುಗುತ್ತಿತ್ತು. ಅಂದರೆ ಸೋರಿಕೆ ಇರುವುದು ಸತ್ಯ. ನನ್ನ ಕಿವಿ ಸುಳ್ಳು ಹೇಳಿಲ್ಲ. ಆ ಸಮಾಧಾನಕ್ಕೆ ಅಲ್ಲೇ ಕೂತು ಒಂದು ಲೋಟ ಟೀ ಕುಡಿದೆ.

ಎಲ್ಲಿ ಎನ್ನುವುದು ಮಾತ್ರ ತಿಳಿಯಲಿಲ್ಲ. ಯಾವ ಗೋಡೆಗೆ ಕೋಲು ಇಟ್ಟರೂ ಅದೇ ಸದ್ದು. ಬಚ್ಚಲ ಗೋಡೆಯಲ್ಲಿ ಒಂದು ಎಳೆ ಹೆಚ್ಚು ಎನಿಸಿತು. ಹೆಂಡತಿಯನ್ನು ಕರೆದು ಬಿಲ್ಲೆಯನ್ನು ಅವಳ ಕಿವಿಗೆ ಒತ್ತಿದೆ.

“ಕೇಳ್ಸುತ್ತಾ?”

ಅವಳು ನನ್ನ ಮುಖವನ್ನೇ ನೋಡಿದಳು.

“ಹೂಂ. ಏನೋ ಸಣ್ಣಗೆ ಕೇಳ್ಸುತ್ತೆ.”

ಇಷ್ಟು ಸಾಕಾಯಿತು ನನಗೆ. ಉಳಿ, ಸುತ್ತಿಗೆ ತಂದೆ. ಒಂದು ಸಾಲು ಟೈಲ್ಸು, ಆಮೇಲೆ ಅದರ ಮೇಲಿನ ಸಾಲು, ಆಮೇಲೆ ಒಳಗಿನ ಗಾರೆ. ಪೈಪು ಕಂಡಿತು. ಸುತ್ತ ಒಂದು ಹನಿ ತೇವವಿಲ್ಲ. ಬಚ್ಚಲು ನೋಡುವ ಹಾಗಿಲ್ಲ.

ಮಾರ್ಚ್ ೧೮, ಸೋಮವಾರ

ಮನಸ್ಸು ನೆಟ್ಟಗಿಲ್ಲ. ಬರೆಯುವುದಕ್ಕೇನಿಲ್ಲ.

ಮಾರ್ಚ್ ೨೦, ಬುಧವಾರ

ಸೋರಿಕೆ ಸಿಕ್ಕಿತು. ಹಿಡಿದದ್ದು ನಾನಲ್ಲ, ಹೆಂಡತಿ.

ಬೆಳಿಗ್ಗೆ ನಾನು ಕೆಲಸಕ್ಕೆ ಹೋದ ಮೇಲೆ, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಶೌಚದ ಫ್ಲಶ್ ಟ್ಯಾಂಕಿಗೆ ಸುರಿದು, ಯಾರೂ ಮುಟ್ಟದಂತೆ ಬಾಗಿಲು ಹಾಕಿಟ್ಟಿದ್ದಳಂತೆ. ಸಂಜೆ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಫ್ಲಶ್ ಮಾಡದಿದ್ದರೂ ಕೆಳಗೆ ಕಮೋಡಿನ ನೀರು ನೀಲಿಯಾಗಿತ್ತು. ಟ್ಯಾಂಕಿನ ತಳದ ರಬ್ಬರು ಸವೆದು ಒಳಗಿಂದೊಳಗೇ ಇಳಿಯುತ್ತಿದೆ.

“ಇದು ಯಾರು ಹೇಳಿಕೊಟ್ಟಿದ್ದು ನಿನಗೆ?”

“ನಿಮ್ಮ ಆಫೀಸಿನ ಸುತ್ತೋಲೆ ಹಿಂಬದೀಲೇ ಬರೆದಿತ್ತಲ್ಲ. ನೀವು ಓದಿಲ್ವಾ?”

ಓದಿರಲಿಲ್ಲ. ನೀರು ಹುಡುಕುವುದು ಹೇಗೆಂದು ನನಗೆ ಕಾಗದ ಹೇಳಿಕೊಡಬೇಕೇ? ಬಣ್ಣ ಸುರಿಯುವುದು ಮಕ್ಕಳಾಟ ಎಂದುಕೊಂಡಿದ್ದೆ. “ಆದ್ರೆ ಇದು ಸದ್ದೇ ಮಾಡಲ್ವಲ್ಲ” ಎಂದೆ. “ಮಾಡಲ್ಲ. ಅದಕ್ಕೇ ನಿಮಗೆ ಸಿಗಲಿಲ್ಲ” ಎಂದಳು, ನಗದೆ.

ಮೂತಿ ಉಬ್ಬಿಸಿಕೊಂಡೇ ಹೋಗಿ ರಬ್ಬರು ತಂದು ಹಾಕಿದೆ. ಬಾಗಿಲ ಬಳಿ ಮೀಟರು ನೋಡಿದೆ. ಚಕ್ರ ನಿಂತಿದೆ. ಕಲ್ಲಿನ ಹಾಗೆ ನಿಂತಿದೆ. ಹೆಂಡತಿಯನ್ನು, ಮಗಳನ್ನು ಕರೆದು ತೋರಿಸಿದೆ. ಮಗಳು ಚಪ್ಪಾಳೆ ತಟ್ಟಿದಳು. ಎಲ್ಲ ಮುಗಿಯಿತು ಎಂದು ಒಳಗೆ ಬಂದು ಕುರ್ಚಿಯಲ್ಲಿ ಕೂತೆ.

ಸ್‌ಸ್.

ಮಾರ್ಚ್ ೨೧, ಗುರುವಾರ

ಮುಖ್ಯ ವಾಲ್ವನ್ನೇ ಮುಚ್ಚಿದೆ. ಮನೆಯ ಪೈಪುಗಳಲ್ಲಿ ನೀರೇ ಇಲ್ಲ. ಸದ್ದು ಮಾತ್ರ ಇದ್ದೇ ಇದೆ.

ಮಾರ್ಚ್ ೨೪, ಭಾನುವಾರ

ಮೇಲಿನ ಮನೆಯವರ ಮೇಲೆ ಅನುಮಾನ ಬಂದು ಕೋಲು ಹಿಡಿದು ಹತ್ತಿದೆ. ಮೇಲಿನ ಮನೆಯಾಕೆ ಬಾಗಿಲಲ್ಲೇ ನಿಲ್ಲಿಸಿಕೊಂಡು, “ನಮ್ಮ ಮನೇಲಿ ಏನೂ ಸೋರ್ತಿಲ್ಲಪ್ಪ, ನಿಮ್ಮ ಸುತ್ತಿಗೆ ಏಟಿಗೆ ನಮ್ಮ ಗಾಜಿನ ಲೋಟ ಬಿದ್ದು ಒಡೀತು, ಅಷ್ಟೇ” ಎಂದರು. ಅವರ ಮೀಟರೂ ನಿಂತಿತ್ತು. ನಮಸ್ಕಾರ ಹೇಳಿ ಇಳಿದೆ.

ತಲೆ ಕಾದಿತ್ತು. ಪಾರ್ಕಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತೆ. ಮರಗಳ ನಡುವೆ, ಮನೆಗಳಿಂದ ಅಷ್ಟು ದೂರದಲ್ಲೂ ಅದೇ ಸದ್ದು. ಪಾರ್ಕಿನ ಕೆಳಗೂ ಒಂದು ಲೈನು ಹಾದುಹೋಗಿರಬೇಕು. ಸೋಮವಾರ ಮೇಸ್ತ್ರಿಯನ್ನು ಕೇಳಬೇಕು, ಅವನಿಗೆ ಹಳೇ ಲೈನುಗಳೆಲ್ಲ ಬಾಯಿಪಾಠ.

ಮಗಳು ಈಚೆಗೆ ನನ್ನ ಎದುರಿಗೆ ಬಂದು ನಿಂತು, ತುಟಿ ಅಗಲಿಸಿ, ಒಂದೊಂದೇ ಪದ ಬಿಡಿಸಿ ಮಾತಾಡುತ್ತಾಳೆ. “ನಾನೇನು ನಿನ್ನ ಶಿಶುವಿಹಾರದ ಪಿಳ್ಳೆನಾ?” ಎಂದು ರೇಗಿದೆ. ಕಣ್ಣು ತುಂಬಿಕೊಂಡು ಒಳಗೆ ಹೋದಳು. ಹೆಂಡತಿ ಮಂಡಿಗೆ ಬಿಸಿನೀರಿನ ಬಟ್ಟೆ ಕಟ್ಟಿಕೊಂಡು ಮಷೀನು ತುಳಿಯುತ್ತಿದ್ದಳು. ಅವಳೂ ನನ್ನ ಕಡೆ ನೋಡಲಿಲ್ಲ. ಮನೆಯಲ್ಲಿ ಸದ್ದು ಕಮ್ಮಿಯಾಗಲಿ ಎಂದು ಬಯಸಿದ್ದೆ, ಆಗಿದೆ.

ಮಾರ್ಚ್ ೨೭, ಬುಧವಾರ

ಎರಡನೇ ಒಣಗುಂಡಿ. ಲಾಂಡ್ರಿ ಅಂಗಡಿ ಎದುರು. ಬೀದಿಗೆ ನೀರು ಬಂದ್ ಮಾಡಿ ಅಗೆದಿದ್ದರಿಂದ ಜನ ಖಾಲಿ ಕೊಡ ಹಿಡಿದು ಸುತ್ತ ನಿಂತಿದ್ದರು. ಗುಂಡಿಯಲ್ಲಿ ಇಣುಕಿದ ಒಬ್ಬ ಮುದುಕ ಇನ್ನೊಬ್ಬನಿಗೆ ಏನೋ ಹೇಳಿ ನಕ್ಕ. ಏನು ಹೇಳಿದನೋ ಕೇಳಿಸಲಿಲ್ಲ, ನಗು ಕಾಣಿಸಿತು. ಮೈಯೆಲ್ಲ ಉರಿಯಿತು.

ಪಾರ್ಕಿನ ಕೆಳಗೆ ಯಾವ ಲೈನೂ ಇಲ್ಲವಂತೆ.

ಮಧ್ಯಾಹ್ನ ಎಂಜಿನಿಯರ್ ಮೇಡಂ ಕರೆದರು. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು, ನನ್ನ ಮೇಲೆ ಗೌರವವಿದೆ. “ಶುಕ್ರವಾರ ಹೆರಿಗೆ ಆಸ್ಪತ್ರೆ ರಸ್ತೆ. ದೊಡ್ಡ ಲೈನು. ನೀವು ಗುರುತು ಹಾಕಿದ ಕಡೆ ನೀರು ನಿಲ್ಲಿಸಿ ಪೈಪು ಕತ್ತರಿಸ್ತೀವಿ. ಆಸ್ಪತ್ರೆ ತೊಟ್ಟೀಲಿ ಅರ್ಧ ದಿನಕ್ಕಾಗೋಷ್ಟೇ ನೀರಿರೋದು. ಜಾಗ ಸರಿ ಇದ್ರೆ ಅಷ್ಟರಲ್ಲಿ ರಿಪೇರಿ ಮುಗಿಯುತ್ತೆ. ತಪ್ಪಿದ್ರೆ ಮುಗಿಯಲ್ಲ” ಎಂದರು. ಆಮೇಲೆ ಪೆನ್ನು ಕೆಳಗಿಟ್ಟು, “ಎರಡು ಗುಂಡಿ ಒಣಗಿದ ಮೇಲೂ ನಿಮ್ಮನ್ನೇ ಕೇಳ್ತಿದೀನಿ. ನಿಮಗಿಂತ ಚೆನ್ನಾಗಿ ಕೇಳೋರು ನಮ್ಮಲ್ಲಿಲ್ಲ” ಎಂದರು.

ಹೂಂ ಎಂದು ಬಂದೆ. ಹೂಂ ಎನ್ನುವುದು ಎಷ್ಟು ಸುಲಭ.

ಮಾರ್ಚ್ ೨೮, ಗುರುವಾರ

ಇದನ್ನು ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಹಿತ್ತಲಿಗೆ ಹೋದೆ. ಗೋಡೆಯ ಮೇಲಿನ ಬಟ್ಟಲಿನ ಪಕ್ಕ ಒಂದು ಹಕ್ಕಿ ಕೂತಿತ್ತು. ಮುಷ್ಟಿಯಷ್ಟು ಗಾತ್ರದ್ದು. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಗಂಟಲ ಪುಕ್ಕ ನಡುಗುತ್ತಿತ್ತು. ಎದೆಯೆತ್ತಿ ಕೂಗುತ್ತಿತ್ತು. ನನಗೆ ಸ್‌ಸ್ ಬಿಟ್ಟರೆ ಬೇರೇನೂ ಕೇಳಲಿಲ್ಲ. ತಲೆಯೆತ್ತಿ ನೋಡಿದರೆ ಮರದ ತುಂಬ ಹಕ್ಕಿಗಳು. ಎಲ್ಲೂ ಹೋಗಿರಲಿಲ್ಲ ಅವು.

ನನಗೆ ಭಯವಾಯಿತು. ಈ ವಯಸ್ಸಿನಲ್ಲಿ ಹಿತ್ತಲಲ್ಲಿ ನಿಂತು ಹಕ್ಕಿ ನೋಡಿ ಹೆದರಿದೆ.

ಒಳಗೆ ಬಂದು ಹೆಂಡತಿಯನ್ನು ಬಚ್ಚಲಿಗೆ ಕರೆದೆ. ಒಡೆದ ಗೋಡೆಗೆ ಕೋಲು ಇಟ್ಟು ಬಿಲ್ಲೆಯನ್ನು ಅವಳ ಕಿವಿಗೆ ಹಿಡಿದೆ. “ಏನು ಕೇಳ್ಸುತ್ತೆ ಹೇಳು.”

ಅವಳು ಬಿಲ್ಲೆಯಿಂದ ಕಿವಿ ತೆಗೆದು ನನ್ನ ಎದುರಿಗೆ ಬಂದು ನಿಂತಳು. ಮಗಳು ನಿಲ್ಲುವ ಹಾಗೆಯೇ.

“ಏನೂ ಇಲ್ಲ ರೀ.”

“ಅವತ್ತು ಕೇಳ್ಸುತ್ತೆ ಅಂದೆ.”

“ಅವತ್ತೂ ಏನೂ ಕೇಳಿಸ್ಲಿಲ್ಲ. ನೀವು ನನ್ನ ಮುಖ ನೋಡ್ತಿದ್ದ ರೀತಿ ನೋಡಿ ಹೂಂ ಅಂದ್ಬಿಟ್ಟೆ.”

“ನಿನ್ನ ಹೂಂ ನಂಬಿ ಗೋಡೆ ಒಡೆದೆನಲ್ಲೇ ನಾನು.”

“ಗೋಡೆ ಹೋದ್ರೆ ಕಟ್ಟಿಸ್ಕೋಬಹುದು ಅಂದ್ಕೊಂಡೆ” ಎಂದಳು. ಆಮೇಲೆ, “ನಿಮಗೆ ಒಬ್ಬರಿಗೇ ಕೇಳ್ಸುತ್ತೆ ಅಂತ ಹೇಳೋಕೆ ನನಗೆ ಧೈರ್ಯ ಬರಲಿಲ್ಲ” ಎಂದಳು.

ನಾನು ಏನೋ ಕೂಗಾಡಿದೆ. ಏನು ಕೂಗಿದೆನೋ ಈಗ ನೆನಪಿಲ್ಲ. ಅವಳು ಅಲ್ಲಿಂದ ಕದಲಲಿಲ್ಲ. ಕೂಗಿ ಕೂಗಿ ಸುಸ್ತಾಗಿ ಬಚ್ಚಲ ಮೆಟ್ಟಿಲ ಮೇಲೆ ಕೂತಾಗ ಪಕ್ಕದಲ್ಲೇ ಕೂರಲು ಹೋದಳು. ಮಂಡಿ ಮಡಚಲು ಆಗದೆ ಗೋಡೆ ಹಿಡಿದು ನಿಂತಳು. ಮಂಡಿ ಊದಿ ಅಷ್ಟು ದಪ್ಪವಾಗಿದೆ. ನಾನು ಅದನ್ನು ಸರಿಯಾಗಿ ನೋಡಿದ್ದು ಇವತ್ತೇ.

ಮಾರ್ಚ್ ೨೯, ಶುಕ್ರವಾರ

ಬೆಳಗಿನ ಜಾವವೇ ಆಸ್ಪತ್ರೆ ರಸ್ತೆಗೆ ಹೋದೆವು. ಮೇಡಂ, ಮೇಸ್ತ್ರಿ, ಅಗೆಯುವ ನಾಲ್ಕು ಜನ, ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಕೋಲು ಹಿಡಿದರೆ ಅವರು ಯಾವಾಗಲೂ ಹಾಗೆಯೇ, ಬೀಡಿ ಕೂಡ ಹಚ್ಚುವುದಿಲ್ಲ. ಆಸ್ಪತ್ರೆಯ ಮೇಲಿನ ಕಿಟಕಿಯಲ್ಲಿ ಒಬ್ಬಳು ಮಗುವನ್ನು ಭುಜಕ್ಕೆ ಹಾಕಿಕೊಂಡು ಅತ್ತಿತ್ತ ನಡೆಯುತ್ತಿದ್ದಳು. ಮಗು ಅಳುತ್ತಿದ್ದಿರಬೇಕು.

ಗೇಟಿನ ಎದುರು ಕೋಲು ಊರಿದೆ. ಸ್‌ಸ್. ಹತ್ತು ಹೆಜ್ಜೆ ಆಚೆ ಊರಿದೆ. ಸ್‌ಸ್. ಕೋಲನ್ನು ಕಿವಿಯಿಂದ ತೆಗೆದೆ. ಸ್‌ಸ್. ಸುಣ್ಣದ ಚೀಲ ಕೈಯಲ್ಲೇ ಇತ್ತು. ಎಲ್ಲಾದರೂ ಒಂದು ಗೆರೆ ಎಳೆದಿದ್ದರೆ ಅವರು ನಂಬುತ್ತಿದ್ದರು. ನಂಬಿ ನೀರು ನಿಲ್ಲಿಸಿ ಕತ್ತರಿಸುತ್ತಿದ್ದರು. ಎಳೆಯಬೇಕು ಎನ್ನಿಸಿತು ಕೂಡ, ಸುಳ್ಳೇಕೆ ಹೇಳಲಿ. ಎರಡು ಸಲ ಬಗ್ಗಿದೆ.

ಕೊನೆಗೆ ಹೋಗಿ ಮೇಡಂ ಎದುರು ನಿಂತೆ. “ನನಗೆ ಗೊತ್ತಾಗ್ತಿಲ್ಲ ಮೇಡಂ” ಎಂದೆ.

“ಇನ್ನೊಂದ್ಸಲ ಕೇಳಿ ನೋಡ್ತೀರಾ?”

“ಕೇಳಿ ಪ್ರಯೋಜನ ಇಲ್ಲ. ನನ್ನ ಕಿವಿ ಕೆಟ್ಟಿದೆ.”

ಇಷ್ಟೇ ಮಾತು. ನೆಲ ಬಾಯಿಬಿಟ್ಟು ನುಂಗಿದ್ದರೆ ಸಾಕು ಎನಿಸಿತ್ತು, ಅದೇನೂ ಆಗಲಿಲ್ಲ. ಮೇಡಂ ಫೋನ್ ಮಾಡಿ ಪಕ್ಕದ ವಿಭಾಗದ ಯಂತ್ರದವರನ್ನು ಕರೆಸಿದರು. ಅವರು ವೈರುಗಳನ್ನು ಹಾಸಿ, ಪರದೆ ನೋಡಿ, ಗೇಟಿನಿಂದ ತೀರಾ ಆಚೆ ತಿರುವಿನ ಹತ್ತಿರ ಗುರುತು ಹಾಕಿದರು. ನಾನು ಹಾಕಿದ್ದರೆ ಗೇಟಿನ ಎದುರಿಗೇ ಹಾಕುತ್ತಿದ್ದೆ.

ನಾನೂ ಮೇಸ್ತ್ರಿಯೂ ಕಲ್ಲುರಾಶಿಯ ಮೇಲೆ ಕೂತಿದ್ದೆವು. “ಅಣ್ಣ, ನನಗೆ ಬೇಕರಿ ಬೀದೀಲೇ ಅನುಮಾನ ಬಂತು” ಎಂದ. “ಹಿಂದಿನಿಂದ ಕರೆದ್ರೆ ತಿರುಗ್ತಿರಲಿಲ್ಲ ನೀನು. ಮೊದಲು ಜಂಬ ಬಂದಿದೆ ಅಂದ್ಕೊಂಡೆ.”

“ಹೇಳಬಾರದಿತ್ತಾ?”

“ಯಾವ ಬಾಯಲ್ಲಿ ಹೇಳ್ಲಿ ನಿನಗೆ?”

ಗುಂಡಿ ತೆರೆದ ಮೇಲೆ, ನೀರು ನಿಲ್ಲಿಸುವ ಮೊದಲು, ನಾನೂ ಇಳಿದೆ. ಇಳಿಯುವ ಅಗತ್ಯವಿರಲಿಲ್ಲ. ಕೆಸರಿನೊಳಗೆ ಕೈ ಹಾಕಿ ಪೈಪಿನ ಮೇಲೆ ಅಂಗೈ ಇಟ್ಟೆ. ಬಿರುಕಿನ ಹತ್ತಿರ ಪೈಪು ನಡುಗುತ್ತಿತ್ತು, ಜ್ವರ ಬಂದ ಮಗುವಿನ ಮೈಯ ಹಾಗೆ. ಕೈಗೆ ಚೆನ್ನಾಗಿಯೇ ಗೊತ್ತಾಯಿತು. ಮಧ್ಯಾಹ್ನಕ್ಕೆ ಮುಂಚೆ ರಿಪೇರಿ ಮುಗಿಯಿತು, ಆಸ್ಪತ್ರೆಯ ತೊಟ್ಟಿ ಖಾಲಿಯಾಗಲಿಲ್ಲ.

ಮನೆಗೆ ಬಂದು ಮೊದಲು ಮಷೀನಿನ ಬೆಲ್ಟು ಬಿಚ್ಚಿ ಮೋಟರಿಗೆ ಹಾಕಿದೆ. ಹೆಂಡತಿ ನೋಡುತ್ತ ನಿಂತಿದ್ದಳು. “ಕರೆಂಟು?” ಎಂದಳು. “ಹೋದ್ರೆ ಹೋಗ್ಲಿ” ಎಂದೆ.

ಏಪ್ರಿಲ್ ೨, ಮಂಗಳವಾರ

ಕಿವಿ ಡಾಕ್ಟರ ಹತ್ತಿರ ಹೋಗಿದ್ದೆವು. ದಪ್ಪ ಗೋಡೆಯ ಒಂದು ಪುಟ್ಟ ಕೋಣೆಯೊಳಗೆ ಕೂರಿಸಿ, ಕಿವಿಗೆ ಎರಡು ಬಟ್ಟಲು ಕವುಚಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕಂತೆ. ಕೇಳಿತು, ಒತ್ತಿದೆ. ಮತ್ತೆ ಕೇಳಿತು, ಒತ್ತಿದೆ. ಎಲ್ಲವನ್ನೂ ಹಿಡಿಯುತ್ತಿದ್ದೇನೆ, ಏನೂ ಆಗಿಲ್ಲ ನನಗೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಗಾಜಿನಾಚೆಯ ಹುಡುಗಿ ಎದ್ದು ಬಂದು ಬಾಗಿಲು ತೆರೆದಳು. “ಸರ್, ನಾನಿನ್ನೂ ಶುರುನೇ ಮಾಡಿಲ್ಲ” ಎಂದಳು.

ಡಾಕ್ಟರಮ್ಮ ಕಾಗದದ ಮೇಲೆ ಗೆರೆ ತೋರಿಸಿ ವಿವರಿಸಿದರು. ತಗ್ಗು ದನಿಗಳು ಪರವಾಗಿಲ್ಲ. ತೆಳು ದನಿಗಳು, ಸೀಟಿ, ಗಂಟೆ, ಹಕ್ಕಿ, ಹೆಣ್ಣುಮಕ್ಕಳ ಮಾತಿನ ಅಂಚು, ಅವೆಲ್ಲ ಹೋಗಿವೆ. ರಸ್ತೆ ಒಡೆಯುವ ಯಂತ್ರಗಳ ಪಕ್ಕದಲ್ಲಿ ಇಷ್ಟು ವರ್ಷ ನಿಂತದ್ದಕ್ಕೆ ಒಳಗಿನ ನರ ಸವೆದಿದೆ. ಈ ಸ್‌ಸ್ ಹೊರಗಿನದಲ್ಲ, ಕಿವಿ ತಾನೇ ಮಾಡಿಕೊಳ್ಳುತ್ತಿರುವುದು.

“ವಾಷರ್ ಬದಲಾಯ್ಸಿದ ಹಾಗೆ ಏನಾದ್ರೂ ಮಾಡೋಕೆ ಬರಲ್ವಾ?” ಎಂದು ಕೇಳಿದೆ.

“ಬರಲ್ಲ” ಎಂದರು ಡಾಕ್ಟರಮ್ಮ, ನಗುತ್ತ. “ಮಾತು ಕೇಳೋಕೆ ಒಂದು ಯಂತ್ರ ಕೊಡ್ತೀನಿ. ಸದ್ದಿನ ಜೊತೆ ಬಾಳೋದು ಕಲೀಬೇಕು. ಒಂದು ಮಾತ್ರ ನೆನಪಿಡಿ, ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಡಿ, ಆಗ ಇನ್ನೂ ಜೋರಾಗಿ ಕೇಳ್ಸುತ್ತೆ. ಮನೇಲಿ ಫ್ಯಾನೋ ರೇಡಿಯೋನೋ ಏನಾದ್ರೂ ಸಣ್ಣಗೆ ಓಡ್ತಾ ಇರಲಿ.”

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಮೇಲೆ ಹೆಂಡತಿಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ತಿರುಗಿ ನೋಡಿದರೆ ನಗುತ್ತಿದ್ದಳು. “ಟೀವಿ, ಫ್ಯಾನು, ಫ್ರಿಜ್ಜು, ಬೆಲ್ಲು. ಹುಡುಕಿ ಹುಡುಕಿ ಆರಿಸಿದ್ರಲ್ರೀ” ಎಂದಳು. ನನಗೂ ನಗು ಬಂತು. ಆ ಸದ್ದು ಚೆನ್ನಾಗಿ ಕೇಳಲೆಂದು ಮನೆಯನ್ನು ಎಷ್ಟು ಮುತುವರ್ಜಿಯಿಂದ ಅಣಿಮಾಡಿಕೊಟ್ಟಿದ್ದೆ. ನಕ್ಕು ನಕ್ಕು ಬಸ್ಸು ತಪ್ಪಿತು. ಆಮೇಲೆ ಅವಳು ಅತ್ತಳು, ಸ್ವಲ್ಪ. ನಾನೂ.

ಏಪ್ರಿಲ್ ೧೧, ಗುರುವಾರ

ಕೋಲನ್ನು ಡಿಪೋಗೆ ಒಪ್ಪಿಸಿದೆ. ಬಿಲ್ಲೆಯ ಮರ ನನ್ನ ಕಿವಿಯ ಅಳತೆಗೆ ಸವೆದಿದೆ, ಬೇರೆಯವರಿಗೆ ಕೂರುವುದಿಲ್ಲ. ಸ್ಟೋರಿನವನು ಅದನ್ನು ಗೂಟಕ್ಕೆ ಸಿಕ್ಕಿಸುವವರೆಗೂ ನಿಂತು ನೋಡಿದೆ. ಇಡೀ ದಿನ ಕೈ ಖಾಲಿ ಖಾಲಿ ಎನಿಸಿ ಛತ್ರಿ ಹಿಡಿದುಕೊಂಡು ಓಡಾಡಿದೆ, ಮೋಡದ ಸುಳಿವೂ ಇಲ್ಲದ ಬಿಸಿಲಲ್ಲಿ.

ಮೇಡಂ ನನ್ನನ್ನು ಮನೆ ಮನೆ ತಪಾಸಣೆಗೆ ಹಾಕಿದ್ದಾರೆ. ಕೈಚೀಲದಲ್ಲಿ ನೀಲಿ, ನಾಲ್ಕು ನಮೂನೆಯ ರಬ್ಬರು, ಒಂದು ಸ್ಪ್ಯಾನರು. ಇವತ್ತು ಹೋದ ಮೊದಲ ಮನೆಯಲ್ಲೇ ಫ್ಲಶ್ ಟ್ಯಾಂಕು ಸೋರುತ್ತಿತ್ತು. ಆ ಮನೆಯ ಯಜಮಾನ “ನಮ್ಮಲ್ಲಿ ಒಂದು ಚೂರೂ ಸದ್ದಿಲ್ವಲ್ಲ” ಎಂದು ವಾದ ಮಾಡಿದ. “ಸದ್ದು ನಂಬಬೇಡಿ ಸ್ವಾಮಿ, ನೀರಿನ ಬಣ್ಣ ನೋಡಿ” ಎಂದೆ. ಹೇಳಿಬಿಟ್ಟ ಮೇಲೆ ಹೇಳಿದವನು ನಾನೇನಾ ಎನಿಸಿತು.

ಮಗಳು ಎದುರಿಗೆ ಬಂದೇ ಮಾತಾಡುತ್ತಾಳೆ. ಈಗ ರೇಗುವುದಿಲ್ಲ. ಶಿಶುವಿಹಾರದ ಒಬ್ಬ ತುಂಟ ತನ್ನ ಊಟದ ಡಬ್ಬಿಯನ್ನು ಗಿಡಕ್ಕೆ ತಿನ್ನಿಸಿದ ಕಥೆ ಹೇಳಿದಳು. ಪೂರ್ತಿ ಕೇಳಿಸಿತು. ಕರೆಗಂಟೆಯ ವೈರನ್ನು ಅವಳೇ ಮತ್ತೆ ಹಾಕಿದಳು. “ಬೆಲ್ಲು ಅವತ್ತೂ ಸರಿಯಾಗೇ ಇತ್ತಪ್ಪ” ಎಂದಳು.

ಏಪ್ರಿಲ್ ೨೧, ಭಾನುವಾರ

ಬಚ್ಚಲ ಗೋಡೆಗೆ ಟೈಲ್ಸು ಹಾಕಿ ಮುಗಿಸಿದೆ. ಹಳೇ ಬಣ್ಣ ಅಂಗಡಿಯಲ್ಲಿ ಸಿಗಲಿಲ್ಲ, ಎರಡು ಸಾಲು ಬೇರೆಯಾಗಿಯೇ ಎದ್ದು ಕಾಣುತ್ತದೆ. ಬಕೆಟಿನ ಕಟ್ಟಳೆ ಈಗಲೂ ಇದೆ. ಖಾಲಿ ಕೋಣೆಯ ಫ್ಯಾನು ಈಗಲೂ ಆರಿಸುತ್ತೇನೆ. ಮೀಟರಿನ ಚಕ್ರ ನಿಂತೇ ಇದೆ. ದಿನಕ್ಕೊಂದು ಸಲ ಹೋಗಿ ನೋಡಿ ಬರದಿದ್ದರೆ ಸಮಾಧಾನವಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಕಿವಿಯ ಯಂತ್ರ ತೆಗೆದಿಟ್ಟು, ಮಷೀನಿನ ಪಕ್ಕ ಚಾಪೆಯ ಮೇಲೆ ಅಡ್ಡಾದೆ. ಈಗ ನನಗೆ ನಿದ್ದೆ ಬರುವುದು ಅಲ್ಲೇ. ಮೋಟರಿನ ಗುಂಯ್ ಎನ್ನುವ ದಪ್ಪ ಸದ್ದು ಶುರುವಾಯಿತೆಂದರೆ ನನ್ನ ಸ್‌ಸ್ ಅದರೊಳಗೆ ಎಲ್ಲೋ ಮುಳುಗಿಹೋಗುತ್ತದೆ. ಹಾಗೇ ಜೊಂಪು ಹತ್ತಿತು.

ಎಚ್ಚರವಾದಾಗಲೂ ಮೋಟರು ಓಡುತ್ತಲೇ ಇತ್ತು. ಬಿಸಿಲು ಕಿಟಕಿಯಿಂದ ಇಳಿದು ಆಚೆ ಗೋಡೆಗೆ ಹೋಗಿತ್ತು. ಯೂನಿಫಾರಂಗಳನ್ನೆಲ್ಲ ನಿನ್ನೆಯೇ ಕೊಟ್ಟುಬಂದಳಲ್ಲ, ಇಷ್ಟು ಹೊತ್ತು ಏನು ಹೊಲಿಯುತ್ತಿದ್ದಾಳೆ ಎಂದು ಅರೆಗಣ್ಣು ತೆರೆದು ನೋಡಿದೆ. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಸೂಜಿಯಲ್ಲಿ ದಾರವೂ ಇರಲಿಲ್ಲ. ಅವಳು ಸ್ವಿಚ್ಚಿನ ಮೇಲೆ ಕಾಲಿಟ್ಟುಕೊಂಡು, ಕೈಕಟ್ಟಿ, ಹಿತ್ತಲಿನ ಮರದ ಕಡೆ ನೋಡುತ್ತ ಕೂತಿದ್ದಳು.

ಶುದ್ಧ ಪೋಲು. ಹೇಳಬೇಕು ಎಂದುಕೊಂಡೆ. ಕಣ್ಣು ಮುಚ್ಚಿ ಮಗ್ಗುಲಾದೆ.